ಹೆಚ್ಚಿದ ಮುಳಗಾಯಿ, ಅಗೆದ ಸೊಗದೆ ಬೇರು

ಮುಳಗಾಯಿ, ಅಂದರೆ ಬದನೆಕಾಯಿ, ಹೆಚ್ಚಿದ ಕೂಡಲೇ ಅವ್ವ ನೀರಿಗೆ ಹಾಕುತ್ತಾಳೆ, ಇಲ್ಲದಿದ್ದರೆ ಹೋಳು ಕಪ್ಪಾಗುತ್ತದೆ. ಔಷಧಿಗೆ ಬಳಸುವ ಸೊಗದೆ ಬೇರನ್ನು ಟಿಶ್ಯೂ ಕಲ್ಚರ್‌ನಲ್ಲಿ (ಗಿಡದ ಸಣ್ಣ ತುಂಡಿನಿಂದ ಸೀಸೆಯಲ್ಲಿ ಸಸಿ ಮಾಡಿ) ಬೆಳೆಸುವ ವಿಷಯ ಹೇಳಬೇಕಾದರೂ ಈ ಕಪ್ಪಿನ ಮಾತು ಬಂದೇ ಬರುತ್ತದೆ.

ಗದಗಿನ ಕಪ್ಪತಗುಡ್ಡಕ್ಕೆ ಹೋದವರು ಈ ಹಂಬನ್ನು ನೋಡಿರುತ್ತೀರಿ, ಗುರುತಿಸಿರಲಿಕ್ಕಿಲ್ಲ. ತಂತಿಯಂಥ ಕಾಂಡ, ಎಲೆಯ ನಡುವೆ ಬಿಳಿ ಪಟ್ಟಿ, ಚಿವುಟಿದರೆ ಹಾಲು. ನಾಮದ ಬೇರು ಅಂತಲೂ ಕರೆಯುತ್ತಾರೆ. ಬೇರು ಮುರಿದು ಮೂಸಿದರೆ ವೆನಿಲಾ ನೆನಪಾಗುತ್ತದೆ. ಸುಮ್ನೆ ಹೇಳುತ್ತಿಲ್ಲ, ವೆನಿಲಾಕ್ಕೆ ಪರಿಮಳ ಕೊಡುವ ವೆನಿಲಿನ್ ಅಣುವಿನಲ್ಲಿ ಯಾವ ಪರಮಾಣು ಎಷ್ಟಿವೆಯೋ ಈ ಬೇರಿನ ಪರಿಮಳದ ಅಣುವಿನಲ್ಲೂ ಅಷ್ಟೇ ಇವೆ, ಜೋಡಣೆ ಮಾತ್ರ ಬೇರೆ. ಬೇಕಾದ್ದೆಲ್ಲ ಬೇರಿನಲ್ಲೇ ಇರುವುದೇ ಗಿಡಕ್ಕೆ ಕುತ್ತು. ತುಳಸಿಯ ಹಾಗೆ ನಾಲ್ಕು ಎಲೆ ಕಿತ್ತು ಬಿಡುವಂತಿಲ್ಲ, ಬೇರು ಅಗೆದರೆ ಗಿಡವೇ ಹೋಯಿತು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿ ಧಾಮವಾಯಿತು, ಒಳ್ಳೆಯದೇ ಆಯಿತು. ಆದರೆ ಔಷಧಿಗೆ ಬೇರು ಬೇಕೇ ಬೇಕು. ಗುಡ್ಡದ್ದು ಬೇಡ ಅಂದರೆ ಹೊಲದಲ್ಲಿ ಬೆಳೆಯಬೇಕು, ಅದಕ್ಕೆ ಸಸಿ ಬೇಕು ಅಲ್ವಾ?

ಎಲೆ ಕಾಂಡಕ್ಕೆ ಸೇರುವ ಗಿಣ್ಣಿನಲ್ಲಿ ಒಂದು ಮೊಗ್ಗು ಇರುತ್ತದೆ. ಆ ಗಿಣ್ಣನ್ನು ಒಂದೆರಡು ಸೆಂಟಿಮೀಟರ್ ಕತ್ತರಿಸಿ, ಸೂಕ್ಷ್ಮಜೀವಿ ಉಳಿಯದಂತೆ ತೊಳೆದು, ಸಕ್ಕರೆ, ಲವಣ ಬೆರೆಸಿ, ಕಡಲಪಾಚಿಯ ಅಂಟಾದ ಅಗರ್‌ನಿಂದ ಗಟ್ಟಿ ಮಾಡಿದ ಆಹಾರದಲ್ಲಿ ನೆಡುತ್ತಾರೆ. ವಿಜ್ಞಾನಿಗಳಾದ ಮುರಾಶಿಗೆ ಮತ್ತು ಸ್ಕೂಗ್ 1962ರಲ್ಲಿ ತಂಬಾಕಿಗೆಂದು ಮಾಡಿದ ಅಡುಗೆ ಅದು, ಇವತ್ತಿಗೂ ನಡೆಯುತ್ತಿದೆ. ಸೈಟೊಕೈನಿನ್ ಹಾರ್ಮೋನ್ ಜಾಸ್ತಿ ಇದ್ದರೆ ಚಿಗುರು, ಆಕ್ಸಿನ್ ಜಾಸ್ತಿ ಇದ್ದರೆ ಬೇರು.

ಮುಳಗಾಯಿ ನೆನಪಾಗುವುದು ಇಲ್ಲೇ. ಕತ್ತರಿಸಿದ ಗಾಯದಿಂದ ಗಿಡವೇ ತಯಾರಿಸುವ ರಾಸಾಯನಿಕಗಳಾದ ಫೀನಾಲ್‌ಗಳು ಸೋರುತ್ತವೆ, ಆಮ್ಲಜನಕ ತಾಗಿ ಕಪ್ಪಾಗುತ್ತವೆ, ಆ ಕಪ್ಪು ತುಂಡಿಗೇ ವಿಷ. ಔಷಧಿ ಗಿಡಗಳಲ್ಲಿ ಎಷ್ಟೋ ಸಲ ಇದೇ ಕಾಟ. ಅದಕ್ಕೆ ವಿಟಮಿನ್ ಸಿ ಬೆರೆಸುತ್ತಾರೆ, ಇದ್ದಿಲ ಪುಡಿ ಹಾಕುತ್ತಾರೆ, ಮೊದಲ ಕೆಲವು ದಿನ ಕತ್ತಲಲ್ಲಿ ಇಡುತ್ತಾರೆ. ಸೋಜಿಗ ನೋಡಿ, ಆಂಟಿಆಕ್ಸಿಡೆಂಟ್ ಅಂತ ನಾವು ಹುಡುಕಿಕೊಂಡು ಹೋಗುವುದೂ ಇದೇ ಫೀನಾಲ್‌ಗಳನ್ನೇ! ಉಳಿದದ್ದು ಕೆಡುವ ಮೊದಲು ತಾನೇ ಮುಂದೆ ನಿಂತು ಕೆಡುವುದು ಅವುಗಳ ಗುಣ.

ಆ ಗುಣ ಅಳೆಯಲು ಡಿಪಿಪಿಎಚ್ ಎಂಬ ರಾಸಾಯನಿಕದ ನೇರಳೆ ಬಣ್ಣದ ದ್ರಾವಣಕ್ಕೆ ಬೇರಿನ ಸಾರ ಹಾಕುತ್ತಾರೆ. ಅದು ಹಳದಿಗೆ ತಿರುಗುತ್ತದೆ, ಎಷ್ಟು ನೇರಳೆ ಇಳಿಯಿತು ಅಂತ 517 ನ್ಯಾನೊಮೀಟರ್ ಬೆಳಕಿನಲ್ಲಿ ನೋಡುತ್ತಾರೆ. ಆದರೆ ಇದು ಗಾಜಿನ ಕೊಳವೆಯೊಳಗಿನ ಮಾತು. ಹೊಟ್ಟೆಗೆ ಹೋದಮೇಲೆ ಎಷ್ಟು ರಕ್ತಕ್ಕೆ ಸೇರುತ್ತದೆ ಅನ್ನುವುದು ಬೇರೆಯೇ ಲೆಕ್ಕ, ಹಾಗಾಗಿ ಈ ಒಂದು ಪರೀಕ್ಷೆ ತೋರಿಸಿ ಕಾಯಿಲೆ ವಾಸಿ ಅಂತ ಮಾರುವವರನ್ನು ದಯವಿಟ್ಟು ನಂಬಬೇಡಿ.

ಸೀಸೆಯ ಸಸಿಗೆ ತೇವದ ಗಾಳಿಯೇ ಅಭ್ಯಾಸ. ನೇರ ಮುಂಡರಗಿಯ ಬಿಸಿಲಿಗಿಟ್ಟರೆ ಅವತ್ತೇ ಬಾಡುತ್ತದೆ, ನೆರಳಿನಲ್ಲಿ ವಾರಗಟ್ಟಲೆ ಪಳಗಿಸಬೇಕು. ಸಸಿ ತಾಯಿಗಿಡದ ತದ್ರೂಪವೇ ಇರಬಹುದು, ಆದರೆ ಬೇರಿನ ಸಾರ ಮಣ್ಣು, ವಯಸ್ಸು ನೋಡಿಕೊಂಡು ಬದಲಾಗುತ್ತದೆ. ಹೊಲದ ಬೇರು ಬಲಿತ ಮೇಲೆ ಒಂದನ್ನು ಅಗೆದು, ಗುಡ್ಡದ ಬೇರಿನ ಜೊತೆಗಿಟ್ಟು ಅದೇ ನೇರಳೆ ಪರೀಕ್ಷೆ ಮಾಡಬೇಕು. ಸಸಿ ಮಾರುವವರು ಆ ಲೆಕ್ಕವನ್ನು ರೈತರ ಕೈಗೆ ಕೊಡಬೇಕು.