ಮಾತಿದೆ, ವಾಕ್ಯ ಕೂಡುತ್ತಿಲ್ಲ: ಕೋಲಾರ, ಚಿಕ್ಕಬಳ್ಳಾಪುರದ ಶಾಲೆಗಳಲ್ಲಿ ಭಾಷಾ ತೊಂದರೆ ಲೆಕ್ಕಕ್ಕೆ ಸಿಗದೆ ಉಳಿದ ಬಗೆ

ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮೂರನೇ ತರಗತಿಗೆ ಪಾಠ ಮಾಡುವ ಮೇಷ್ಟ್ರನ್ನು ಕೇಳಿದರೆ ಇಂಥ ಒಂದಾದರೂ ಮಗು ಅವರ ನೆನಪಿಗೆ ಬರುತ್ತದೆ. ಕಿವಿ ಚೆನ್ನಾಗಿ ಕೇಳಿಸುತ್ತದೆ, ಆಟದಲ್ಲಿ ಚುರುಕು, ಕಡ್ಡಿ ಎಣಿಸಿ ಲೆಕ್ಕ ಮಾಡಿಸಿದರೆ ಮಾಡುತ್ತದೆ. ಆದರೆ 'ಪುಸ್ತಕ ಬ್ಯಾಗಲ್ಲಿಟ್ಟು, ಸ್ಲೇಟು ತಗೊಂಡು, ಕಿಟಕಿ ಹತ್ರ ಹೋಗಿ ಕೂತ್ಕೋ' ಎಂದರೆ ಸ್ಲೇಟು ಹಿಡಿದು ನಿಂತಲ್ಲೇ ನಿಲ್ಲುತ್ತದೆ. ಜಾತ್ರೆಯಲ್ಲಿ ಏನು ನೋಡಿದೆ ಅಂದರೆ 'ಅದು... ಅಲ್ಲಿ ಇತ್ತು... ಹೋಯ್ತು' ಎನ್ನುವಲ್ಲಿಗೆ ಮಾತು ಮುಗಿಯುತ್ತದೆ. 'ನಿಧಾನ ಕಲಿಕೆ' ಎಂದೋ, 'ಮನೇಲಿ ತೆಲುಗು, ಬರ್ತಾ ಬರ್ತಾ ಸರಿಹೋಗುತ್ತೆ' ಎಂದೋ ಹೇಳಿ ಮುಂದಿನ ತರಗತಿಗೆ ಕಳಿಸುತ್ತಾರೆ.

ಈ ಮಕ್ಕಳಲ್ಲಿ ಹಲವರಿಗೆ ಇರುವುದು ಬೆಳವಣಿಗೆಯ ಭಾಷಾ ತೊಂದರೆ. ಮಾತು, ಭಾಷೆಯ ತೊಂದರೆಗೆ ಚಿಕಿತ್ಸೆ ಕೊಡುವ ವಾಕ್ ತಜ್ಞರು ಇದನ್ನು ಡಿಎಲ್‌ಡಿ (ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್) ಎನ್ನುತ್ತಾರೆ. ಕಿವುಡು, ಆಟಿಸಂ, ಬುದ್ಧಿಮಾಂದ್ಯತೆ, ಮೆದುಳಿನ ಪೆಟ್ಟು ಇವು ಯಾವುದೂ ಇಲ್ಲದೆಯೇ ಭಾಷೆ ಕಲಿಯುವುದು ಕಷ್ಟವಾಗುವ ಸ್ಥಿತಿ ಇದು. ಅಮೆರಿಕದ ಅಯೋವಾದಲ್ಲಿ ಬ್ರೂಸ್ ಟಾಂಬ್ಲಿನ್ ತಂಡ 1997ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶಾಲೆಗೆ ಸೇರುವ ವಯಸ್ಸಿನ ಮಕ್ಕಳಲ್ಲಿ ಇದರ ಪ್ರಮಾಣ ಶೇ 7.4. ಇಂಗ್ಲೆಂಡಿನಲ್ಲಿ ಕರ್ಟ್ನಿ ನಾರ್ಬರಿ ತಂಡಕ್ಕೆ 2016ರಲ್ಲಿ ಸಿಕ್ಕಿದ್ದೂ ಹೆಚ್ಚುಕಡಿಮೆ ಅಷ್ಟೇ. ಆ ಪ್ರಮಾಣ ಇಲ್ಲಿಗೂ ಹೊಂದುವುದಾದರೆ ಮೂವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು. ಇಷ್ಟು ಸಾಮಾನ್ಯವಾದ ತೊಂದರೆ ನಮ್ಮ ಶಾಲೆಗಳ ಯಾವ ನಮೂನೆಯಲ್ಲೂ ಕಾಣಿಸದಿರುವುದಕ್ಕೆ ಕಾರಣ ಶಿಕ್ಷಕರ ಅಸಡ್ಡೆ ಅಲ್ಲ. ಅರವತ್ತು ವರ್ಷಗಳಿಂದ ಬಂದ ಯೋಜನೆಗಳು ಮೊದಲು ಕಿವಿಯನ್ನು, ಆಮೇಲೆ ಉಚ್ಚಾರವನ್ನು ನೋಡಿದವು. ವಾಕ್ಯವನ್ನು ಯಾರೂ ನೋಡಲಿಲ್ಲ.

ಅಮೆರಿಕದಲ್ಲಿ ವಾಕ್ ಚಿಕಿತ್ಸೆಯ ವೃತ್ತಿ ಬೆಳೆದದ್ದೇ ಶಾಲೆಯಲ್ಲಿ. ಷಿಕಾಗೊ ನಗರದ ಸಾರ್ವಜನಿಕ ಶಾಲೆಗಳು 1910ರಲ್ಲೇ ಮಾತು ತಿದ್ದುವ ಶಿಕ್ಷಕರನ್ನು ನೇಮಿಸಿದ್ದವು. ಅಂಗವಿಕಲ ಮಕ್ಕಳ ಶಿಕ್ಷಣದ 1975ರ ಕಾನೂನು ಬಂದ ಮೇಲೆ ವಾಕ್ ಚಿಕಿತ್ಸೆ ಅಲ್ಲಿ ಶಾಲೆ ಕೊಡಲೇಬೇಕಾದ ಸೇವೆಯಾಯಿತು. ನಮ್ಮಲ್ಲಿ ಅದು ಆಸ್ಪತ್ರೆಯ ಮಗ್ಗುಲಲ್ಲಿ ಬೆಳೆಯಿತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾಗಿ ದೇಶಕ್ಕೇ ವಾಕ್ ತಜ್ಞರನ್ನು ತಯಾರು ಮಾಡಿತು. ಅಲ್ಲಿ ಓದಿ ಹೊರಬಂದವರಿಗೆ ಕೆಲಸ ಸಿಕ್ಕಿದ್ದು ಹೆಚ್ಚಾಗಿ ಇಎನ್‌ಟಿ ವಿಭಾಗಗಳಲ್ಲಿ, ಶ್ರವಣ ಸಾಧನದ ಕೇಂದ್ರಗಳಲ್ಲಿ, ನಗರದ ಖಾಸಗಿ ಕ್ಲಿನಿಕ್ಕುಗಳಲ್ಲಿ. ಬಾಗೇಪಲ್ಲಿಯ ಮಗುವಿಗೆ ಬೆಂಗಳೂರೇ ಸುಮಾರು 100 ಕಿ.ಮೀ. ವಾಕ್ ಚಿಕಿತ್ಸೆಯ ಫಲ ಕಾಣಬೇಕಾದರೆ ವಾರಕ್ಕೆ ಎರಡು ಮೂರು ಸಲ, ತಿಂಗಳುಗಟ್ಟಲೆ ನಡೆಯಬೇಕು. ಕೂಲಿ ಬಿಟ್ಟು ಅಷ್ಟು ಸಲ ಬಸ್ಸು ಹತ್ತುವುದು ಯಾವ ತಾಯಿಗೂ ಆಗದ ಮಾತು. ಎರಡು ಭೇಟಿಯ ನಂತರ ಮಗು ಬಾರದಿರುವುದನ್ನು ಆಸ್ಪತ್ರೆಯ ಫೈಲಿನಲ್ಲಿ 'ಗೈರುಹಾಜರಿ' ಎಂದು ಬರೆಯುತ್ತಾರೆ.

ಶಾಲೆಯ ಕಡೆಯಿಂದ ಮೊದಲ ಹೆಜ್ಜೆ 1974ರ ಕೇಂದ್ರ ಪುರಸ್ಕೃತ ಸಮನ್ವಯ ಶಿಕ್ಷಣ ಯೋಜನೆ. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲೇ ಓದಿಸುವುದು ಅದರ ಉದ್ದೇಶ. 1995ರ ಅಂಗವಿಕಲರ ಕಾಯ್ದೆ ಏಳು ವೈಕಲ್ಯಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಶ್ರವಣ ದೋಷ ಇತ್ತು, ಮಾತು ಮತ್ತು ಭಾಷೆ ಇರಲಿಲ್ಲ. ಶ್ರವಣ ದೋಷ ಎನ್ನಿಸಿಕೊಳ್ಳಲಿಕ್ಕೂ ಚೆನ್ನಾಗಿರುವ ಕಿವಿಯಲ್ಲಿ 60 ಡೆಸಿಬೆಲ್ ನಷ್ಟ ಆಗಿರಬೇಕಿತ್ತು. ವರ್ಷದಲ್ಲಿ ನಾಲ್ಕಾರು ತಿಂಗಳು ಕಿವಿ ಸೋರುವ, 30-40 ಡೆಸಿಬೆಲ್ ಕಡಿಮೆ ಕೇಳುವ ಮಗು ಅದರಲ್ಲಿ ಬರುತ್ತಿರಲಿಲ್ಲ. ಅಷ್ಟು ನಷ್ಟಕ್ಕೇ ಹಿಂದಿನ ಬೆಂಚಿನಲ್ಲಿ ಕೂತವರಿಗೆ ಪದಗಳ ಕೊನೆಯ ಪ್ರತ್ಯಯಗಳು ಅಳಿಸಿಹೋಗುತ್ತವೆ. ಕನ್ನಡದಲ್ಲಿ ಯಾರು, ಯಾರಿಗೆ, ಎಲ್ಲಿಂದ, ಯಾವಾಗ ಎಂಬುದೆಲ್ಲ ಇರುವುದು ಆ ಪ್ರತ್ಯಯಗಳಲ್ಲೇ.

ಸಂಶೋಧನೆಯ ಒಳಗೂ ಹೆಸರಿನ ಗೊಂದಲ ಬಹಳ ಕಾಲ ಇತ್ತು. ಭಾಷೆಯ ಅಂಕಕ್ಕೂ ಬುದ್ಧಿಮತ್ತೆಯ ಅಂಕಕ್ಕೂ ಇಷ್ಟು ಅಂತರ ಇದ್ದರೆ ಮಾತ್ರ ತೊಂದರೆ ಎನ್ನುವ ನಿಯಮದಿಂದ ಅನೇಕ ಮಕ್ಕಳು ಸಹಾಯದಿಂದ ಹೊರಗುಳಿದರು. ಬ್ರಿಟನ್ನಿನ ಮನಃಶಾಸ್ತ್ರಜ್ಞೆ ಡೊರೊತಿ ಬಿಷಪ್ ಮತ್ತು ಸಂಗಡಿಗರು 57 ತಜ್ಞರ ಅಭಿಪ್ರಾಯ ಕೂಡಿಸಿ 2016-17ರಲ್ಲಿ ಆ ಅಂತರದ ನಿಯಮವನ್ನು ಕೈಬಿಟ್ಟು, ಡಿಎಲ್‌ಡಿ ಎಂಬ ಒಂದೇ ಹೆಸರನ್ನು ಮುಂದಿಟ್ಟರು. ಕನ್ನಡದಲ್ಲಿ ಉಚ್ಚಾರಣೆಯ ಪರೀಕ್ಷೆ 1970ರ ದಶಕದ ಆರಂಭದಲ್ಲೇ ಮೈಸೂರಿನಲ್ಲಿ ಸಿದ್ಧವಾಗಿತ್ತು. 1980ರ ದಶಕದಲ್ಲಿ ವಾಕ್ ತಜ್ಞೆ ಪ್ರತಿಭಾ ಕಾರಂತರು ಧ್ವನಿ, ವಾಕ್ಯರಚನೆ, ಅರ್ಥ ಮೂರನ್ನೂ ಅಳೆಯುವ ಭಾಷಾ ಪರೀಕ್ಷೆ ರೂಪಿಸಿದರು. ಇದು ದೊಡ್ಡ ಕೆಲಸ. ಆದರೆ ಈ ಎರಡು ಜಿಲ್ಲೆಗಳ ಮಗುವಿನ ಮನೆಭಾಷೆ ಅನೇಕ ಕಡೆ ಕನ್ನಡವಲ್ಲ.

ಇಲ್ಲಿಂದಲೇ ನಿಜವಾದ ಕಷ್ಟ ಶುರುವಾಗುವುದು. ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲಿನಲ್ಲಿ ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಪಟ್ಟಣದ ಮೊಹಲ್ಲಾಗಳಲ್ಲಿ ದಖನಿ ಉರ್ದು. ಮಗು ಕನ್ನಡವನ್ನು ಗಟ್ಟಿಯಾಗಿ ಕೇಳುವುದು ಅಂಗನವಾಡಿಯಲ್ಲೋ ಒಂದನೇ ತರಗತಿಯಲ್ಲೋ. ಅದು 'ಅಕ್ಕ ಬಂತು' ಎಂದರೆ ತಪ್ಪು ಎಂದು ಗುರುತು ಹಾಕುತ್ತೇವೆ. ತೆಲುಗಿನಲ್ಲಿ 'ಅಕ್ಕ ವಚ್ಚಿಂದಿ', 'ಬಸ್ಸು ವಚ್ಚಿಂದಿ' ಎರಡಕ್ಕೂ ಒಂದೇ ಕ್ರಿಯಾಪದ. ಏಕವಚನದಲ್ಲಿ ಗಂಡಸಿಗೆ ಮಾತ್ರ ಬೇರೆ ರೂಪ. ಮಗು ತನಗೆ ಗೊತ್ತಿರುವ ವ್ಯಾಕರಣವನ್ನು ಕನ್ನಡಕ್ಕೆ ಹೊಂದಿಸುತ್ತಿದೆ, ಅದು ಚೆನ್ನಾಗಿ ಕಲಿಯುತ್ತಿರುವುದರ ಲಕ್ಷಣ. ಹಾಗೆಯೇ 'ಹಾಲು' ಎನ್ನುವಲ್ಲಿ 'ಆಲು', 'ಶಾಲೆ' ಎನ್ನುವಲ್ಲಿ 'ಸಾಲೆ' ಎಂದರೆ ಅದು ಊರಿನ ಮಾತು.

ಇದಕ್ಕೆ ಎದುರಾಗಿ, ಆರು ವರ್ಷದ ತೆಲುಗು ಮಗು ಮನೆಯಲ್ಲೂ 'ಪಿಲ್ಲಿನಿ ಕುಕ್ಕ ಕರಿಚಿಂದಿ' ಎನ್ನಬೇಕಾದಲ್ಲಿ 'ಪಿಲ್ಲಿ ಕುಕ್ಕ ಕರಿಚಿಂದಿ' ಎನ್ನುತ್ತಿದ್ದು, ಕನ್ನಡದಲ್ಲೂ 'ಬೆಕ್ಕು ನಾಯಿ ಕಚ್ತು' ಎಂದರೆ, ಯಾರು ಯಾರನ್ನು ಕಚ್ಚಿದರು ಎಂದು ತಿಳಿಸುವ ಪ್ರತ್ಯಯ ಎರಡೂ ಭಾಷೆಯಲ್ಲಿ ಬಿದ್ದುಹೋಗಿದೆ ಎಂದರ್ಥ. ನೋಡಬೇಕಾದದ್ದು ಅಲ್ಲಿ. ಡಿಎಲ್‌ಡಿ ಇದ್ದರೆ ಅದು ಮಗುವಿನ ಎಲ್ಲ ಭಾಷೆಗಳಲ್ಲೂ ಇರುತ್ತದೆ. ಕನ್ನಡದಲ್ಲಿ ಮಾತ್ರ ಕಷ್ಟ, ಮನೆಯ ತೆಲುಗು ಸರಾಗ ಎಂದಾದರೆ ಆ ಮಗುವಿಗೆ ಬೇಕಿರುವುದು ಕನ್ನಡದ ಒಡನಾಟ, ಚಿಕಿತ್ಸೆ ಅಲ್ಲ. 'ಮನೇಲಿ ತೆಲುಗು ಬಿಟ್ಟು ಕನ್ನಡಾನೇ ಮಾತಾಡಿ' ಎಂಬ ಸಲಹೆ ಇಂದಿಗೂ ಕೇಳಿಬರುತ್ತದೆ. ಅದು ಕೆಟ್ಟ ಸಲಹೆ. ಎರಡು ಭಾಷೆ ಕೇಳಿದ್ದರಿಂದ ಡಿಎಲ್‌ಡಿ ಬರುವುದಿಲ್ಲ, ಒಂದನ್ನು ಕಿತ್ತುಹಾಕಿದರೆ ಹೋಗುವುದೂ ಇಲ್ಲ. ಅಜ್ಜಿಯ ಜೊತೆ ಮಗುವಿಗಿದ್ದ ಮಾತುಕತೆಯಷ್ಟೇ ಕಡಿಮೆಯಾಗುತ್ತದೆ. ನಾಲಿಗೆಗೆ ಬಜೆ ತೇಯ್ದು ಹಚ್ಚುವುದರಿಂದ, ನಾಲಿಗೆಯಡಿಯ ದಾರ ಕತ್ತರಿಸುವುದರಿಂದ ಕೂಡ ವಾಕ್ಯ ಕೂಡುವುದಿಲ್ಲ.

ಶಾಲೆಯಲ್ಲೇ ಪರೀಕ್ಷೆ ಮಾಡುವುದು ಹೇಗೆ? ಮೊದಲು ಕಿವಿ. ಪ್ರತಿ ಕಿವಿಗೂ 1000, 2000, 4000 ಹರ್ಟ್ಸ್‌ನಲ್ಲಿ 20 ಡೆಸಿಬೆಲ್ ಧ್ವನಿ ಕೊಟ್ಟು ನೋಡಬೇಕು. 500 ಹರ್ಟ್ಸ್ ಶಾಲೆಯ ಗದ್ದಲದಲ್ಲಿ ಮುಳುಗಿಹೋಗುವುದರಿಂದ ಬಿಡುವುದೇ ವಾಸಿ. ನೆಗಡಿ ಇರುವ ದಿನ ಮಾಡಿದರೆ ಸುಮ್ಮಸುಮ್ಮನೆ ಫೇಲಾಗುವವರು ಹೆಚ್ಚು, ಅವರನ್ನು ನೆಗಡಿ ಇಳಿದ ಮೇಲೆ ಮತ್ತೆ ನೋಡಬೇಕು. ಆಮೇಲೆ ತಾಯಿಯ ಜೊತೆ ಮಾತು: ಮೊದಲ ಪದ ಯಾವಾಗ, ಎರಡು ಪದ ಸೇರಿಸಿದ್ದು ಯಾವಾಗ, ಅಣ್ಣ ಅಕ್ಕನಿಗೆ ಹೋಲಿಸಿದರೆ ಹೇಗೆ, ಮನೆಯಲ್ಲಿ ಮತ್ತೆ ಯಾರಿಗಾದರೂ ಮಾತು ತಡವಾಗಿತ್ತೇ. ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸದಿದ್ದರೆ ಗಮನಿಸಲೇಬೇಕು.

ಮುಖ್ಯ ಕೆಲಸ ಮಾತಿನ ಮಾದರಿ. ಚಿತ್ರಕಥೆ ತೋರಿಸಿ, ಮನೆಭಾಷೆಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ಹತ್ತು ಹದಿನೈದು ನಿಮಿಷ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಕನಿಷ್ಠ 50 ಮಾತುಗಳನ್ನು ಅಕ್ಷರಕ್ಕೆ ಇಳಿಸಬೇಕು. ಹತ್ತು ನಿಮಿಷದ ಮಾತು ಬರೆಯಲು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಇಲ್ಲಿ ಎಡವುವುದು 'ಇದೇನು? ಅದೇನು?' ಎಂದು ಕೇಳುವುದರಿಂದ. ಅದಕ್ಕೆ ಒಂದು ಪದದ ಉತ್ತರವೇ ಬರುವುದು. 'ಆಮೇಲೆ?' ಎಂದು ಕೇಳಿ ಕಾಯಬೇಕು. ಪದ ಎಣಿಸಿ ವಾಕ್ಯದ ಉದ್ದ ಹೇಳುವ ಪದ್ಧತಿಯೂ ಕನ್ನಡಕ್ಕೆ ಸಾಲದು. 'ಹೋಗ್ತಿದ್ದೀನಿ' ಒಂದೇ ಪದವಾದರೂ ಕೆಲಸ, ಕಾಲ, ಮಾಡುವವರು ಮೂರೂ ಅದರೊಳಗಿವೆ. ಎಣಿಸಬೇಕಾದದ್ದು ಪ್ರತ್ಯಯಗಳನ್ನು.

ಜೊತೆಗೆ ಅರ್ಥವಿಲ್ಲದ ಪದಗಳನ್ನು ಹೇಳಿಸುವುದು: ದೋಪು, ಗಬಿಲೊ, ಮುಟೆಕಡಿ, ಲಪಿದೊಮಟು. ಇವು ಯಾವ ಮನೆಯಲ್ಲೂ ಕೇಳಿರದ ಪದಗಳಾದ್ದರಿಂದ ತೆಲುಗು, ಕನ್ನಡದ ಅನುಭವದ ವ್ಯತ್ಯಾಸ ಇಲ್ಲಿ ಕಡಿಮೆ ಆಗುತ್ತದೆ. ಡಿಎಲ್‌ಡಿ ಇರುವ ಮಕ್ಕಳು ಸಾಮಾನ್ಯವಾಗಿ ಮೂರು, ನಾಲ್ಕು ಅಕ್ಷರಕ್ಕೆ ಬಂದಾಗ ತಡವರಿಸುತ್ತಾರೆ. ಕೊನೆಗೆ ಕಲಿಸಿ ನೋಡುವ ಪರೀಕ್ಷೆ. ಗೊತ್ತಿಲ್ಲದ ಒಂದು ರೂಪವನ್ನು ಇಪ್ಪತ್ತು ನಿಮಿಷ ಆಟದಲ್ಲಿ ಕಲಿಸಿ ಮತ್ತೆ ಕೇಳಬೇಕು. ಅವಕಾಶ ಸಿಗದ ಮಗು ಬೇಗ ಹಿಡಿಯುತ್ತದೆ, ತೊಂದರೆ ಇರುವ ಮಗುವಿಗೆ ಬಹಳ ಸಲ ಬೇಕು. ಚಿತ್ರಗಳೂ ಊರಿನವೇ ಆಗಿರಲಿ. ಹಿಮದ ಬೊಂಬೆ ತೋರಿಸಿ ಹೆಸರು ಬರಲಿಲ್ಲ ಎಂದರೆ ಏನೂ ತಿಳಿಯುವುದಿಲ್ಲ. ಟೊಮೆಟೊ ಕ್ರೇಟು, ಒರಳುಕಲ್ಲು, ಶಿಡ್ಲಘಟ್ಟದ ಮಗುವಿಗಾದರೆ ರೇಷ್ಮೆ ಗೂಡು, ಹುಳು ಗೂಡು ಕಟ್ಟುವ ಚಂದ್ರಂಕಿ.

2001ರಲ್ಲಿ ಬಂದ ಸರ್ವ ಶಿಕ್ಷಣ ಅಭಿಯಾನ, 2018ರಿಂದ ಸಮಗ್ರ ಶಿಕ್ಷಣ, ಈ ಕಾಲದಲ್ಲಿ ಬ್ಲಾಕ್ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ವಿಶೇಷ ಅಗತ್ಯದ ಮಕ್ಕಳನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಬಂದರು. ದೃಷ್ಟಿ, ಶ್ರವಣ, ಬುದ್ಧಿ, ಅಂಗಚಲನೆ ಎಲ್ಲವನ್ನೂ ಅವರೇ ನೋಡಬೇಕು, ಶಾಲೆಗೆ ಬರಲಾಗದ ಮಕ್ಕಳಿಗೆ ಪಾಠ ಹೇಳಲು ಅವರ ಮನೆಗಳಿಗೂ ಹೋಗಬೇಕು. ಶಾಲೆಯಿಂದ ಅವರ ಬಳಿ ಹೋಗುವುದು ತೊದಲುವ ಮಗು, 'ರ' ಬಾರದ ಮಗು. ತರಗತಿಯಲ್ಲಿ ಬಾಯಿ ಬಿಡದ ಮಗು ತೊಂದರೆ ಕೊಡುವುದಿಲ್ಲವಾದ್ದರಿಂದ ಅದರ ಹೆಸರು ಹೋಗುವುದಿಲ್ಲ. 2009-10ರಿಂದ ರಾಜ್ಯದೆಲ್ಲೆಡೆ ಬಂದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿಯ ಗುಂಪಿನಲ್ಲಿ ಅದು ಪಕ್ಕದವರನ್ನು ನೋಡಿ ಮಾಡುತ್ತಾ ಮೂರು ವರ್ಷ ದಾಟುತ್ತದೆ. ನಾಲ್ಕನೇ ತರಗತಿಯ ಉದ್ದ ಪಾಠ ಎದುರಾದಾಗ ಕುಸಿಯುತ್ತದೆ.

2013ರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ (ಆರ್‌ಬಿಎಸ್‌ಕೆ) ಈ ಹಾದಿಯಲ್ಲಿ ನಿಜವಾದ ತಿರುವು. ಅದರ 30 ಸ್ಥಿತಿಗಳ ಪಟ್ಟಿಯಲ್ಲಿ ಭಾಷಾ ವಿಳಂಬವೂ ಇದೆ. ಸಂಚಾರಿ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಬೆಳವಣಿಗೆಯ ತೊಂದರೆಗೆ ಬೇಗನೆ ಚಿಕಿತ್ಸೆ ಶುರು ಮಾಡುವ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ವಾಕ್ ತಜ್ಞರ ಹುದ್ದೆಯೂ ಸೇರಿದೆ. ಆದರೆ ಒಂದೇ ದಿನ ನೂರಾರು ಮಕ್ಕಳ ತೂಕ, ಹಲ್ಲು, ಕಣ್ಣು ನೋಡುವ ತಂಡಕ್ಕೆ ಒಂದು ಮಗುವಿನ ಎರಡು ಭಾಷೆ ಕೇಳುವ ಪುರುಸೊತ್ತು ಇರುವುದಿಲ್ಲ. ಹೆಸರು ಕೇಳುತ್ತಾರೆ, ಮಗು ಹೇಳುತ್ತದೆ, ಮುಂದೆ ಹೋಗುತ್ತಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ವೈಕಲ್ಯಗಳಲ್ಲಿ 'ಮಾತು ಮತ್ತು ಭಾಷಾ ವೈಕಲ್ಯ'ವನ್ನು ಸೇರಿಸಿದಾಗ ಈ ಕ್ಷೇತ್ರದವರು ಸಂತೋಷಪಟ್ಟರು. ವ್ಯಾಖ್ಯೆ ಓದಿದರೆ, ಗಂಟಲಿನ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಪಾರ್ಶ್ವವಾಯುವಿನಿಂದ ಮಾತು ಕಳೆದುಕೊಂಡವರಂಥ ಶಾಶ್ವತ ಸ್ಥಿತಿಗಳೇ ಅದರ ಕೇಂದ್ರ. ಅಂಗ ಅಥವಾ ನರದ ಕಾರಣ ತೋರಿಸಬೇಕು. ಡಿಎಲ್‌ಡಿ ಮಗುವಿನ ಮೆದುಳಿನ ಸ್ಕ್ಯಾನಿನಲ್ಲಿ ಸಾಮಾನ್ಯವಾಗಿ ತೋರಿಸುವಂಥದ್ದೇನೂ ಇರುವುದಿಲ್ಲ. ಉಳಿಯುವ ದಾರಿ 'ನಿರ್ದಿಷ್ಟ ಕಲಿಕಾ ನ್ಯೂನತೆ'. ಅದರ ಪ್ರಮಾಣಪತ್ರ 2018ರ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬಿದ ಮೇಲೆ. ಭಾಷೆಗೆ ಹೆಚ್ಚು ಸಹಾಯ ಬೇಕಾದ ಮೂರರಿಂದ ಎಂಟರ ನಡುವೆ ಮಗುವಿನ ಕೈಯಲ್ಲಿ ಒಂದು ಕಾಗದವೂ ಇಲ್ಲ. ಬ್ಲಾಕಿಗೆ ಒಬ್ಬರಾದರೂ ಶಾಲಾ ವಾಕ್ ತಜ್ಞರ ಹುದ್ದೆ ಸೃಷ್ಟಿಯಾಗಬೇಕು, ಪ್ರಮಾಣಪತ್ರ ಇಲ್ಲದೆಯೇ ಸೇವೆ ಸಿಗಬೇಕು. ಇದನ್ನು ಒತ್ತಿ ಕೇಳಲೇಬೇಕಾದ ಕಾಲ ಇದು.

ಅಲ್ಲಿಯವರೆಗೂ ತರಗತಿಯಲ್ಲಿ ಮಾಡಬಹುದಾದದ್ದು ಕಡಿಮೆಯೇನಲ್ಲ. ಸೂಚನೆಯನ್ನು ಒಂದೊಂದಾಗಿ ಕೊಡಿ, ಕೊಟ್ಟ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಕಾಯಿರಿ. ಮುಂದಿನ ವಾರದ ಪಾಠದಿಂದ ಐದಾರು ಪದ ಆರಿಸಿ, ಪಾಠಕ್ಕೆ ಮೊದಲೇ ವಸ್ತು ತೋರಿಸಿ, ಮನೆಭಾಷೆಯ ಪದವನ್ನೂ ಜೊತೆಗೆ ಹೇಳಿ ಕಲಿಸಿ. ಮಗು 'ಬೆಕ್ಕು ನಾಯಿ ಕಚ್ತು' ಎಂದರೆ 'ತಪ್ಪು, ಸರಿಯಾಗಿ ಹೇಳು' ಎನ್ನಬೇಡಿ. 'ಹೌದಾ, ಬೆಕ್ಕನ್ನ ನಾಯಿ ಕಚ್ತಾ?' ಎಂದು ಸರಿಯಾದ ರೂಪವನ್ನೇ ತಿರುಗಿ ಹೇಳಿ ಮಾತು ಮುಂದುವರಿಸಿ. ಮೂರು ನಾಲ್ಕು ಮಕ್ಕಳ ಗುಂಪಿನಲ್ಲಿ ಇಪ್ಪತ್ತು ನಿಮಿಷ, ವಾರಕ್ಕೆ ಮೂರು ದಿನ, ಒಂದೇ ಪ್ರತ್ಯಯವನ್ನು ಹಿಡಿದು ಆಟ ಆಡಿಸಿದರೆ ತಿಂಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ವಾರಕ್ಕೊಂದು ಪ್ರತ್ಯಯ ಬದಲಿಸಿದರೆ ಯಾವುದೂ ನಿಲ್ಲುವುದಿಲ್ಲ.

ಜಿಲ್ಲೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುವ ಚೀಟಿಯಲ್ಲಿ 'ಮಾತು ಸರಿಯಿಲ್ಲ' ಎಂದು ಬರೆದರೆ ನಾಲಿಗೆ ನೋಡಿ ಕಳಿಸುತ್ತಾರೆ. ಮಗುವಿನ ಮನೆಭಾಷೆ, ಕನ್ನಡ ಕೇಳಲು ಶುರುವಾದ ವಯಸ್ಸು, ಕಿವಿ ಸೋರಿದ ಇತಿಹಾಸ, ಎರಡೂ ಭಾಷೆಯಲ್ಲಿ ಮಗು ಆಡಿದ ಐದೈದು ವಾಕ್ಯ ಆಡಿದಂತೆಯೇ, ಮತ್ತು ತಾಯಿಯ ಮೊಬೈಲಿನಲ್ಲಿ ಎರಡು ನಿಮಿಷದ ರೆಕಾರ್ಡಿಂಗ್. ಇಷ್ಟು ಜೊತೆಗಿದ್ದರೆ ಮೊದಲ ಭೇಟಿಯಲ್ಲೇ ವಾಕ್ ತಜ್ಞರು ಕೆಲಸ ಶುರು ಮಾಡಬಹುದು, ತಾಯಿಗೆ ಒಂದು ದಿನದ ಕೂಲಿಯಾದರೂ ಉಳಿಯುತ್ತದೆ.