ಮಿಕ್ಕ ದುಡ್ಡು ಸರ್ಕಾರಿ ಶಾಲೆಗೆ ಯಾಕೆ ಬರಲ್ಲ?

ಬಜೆಟ್ ಮಂಡನೆಯಾದ ವಾರ ಹಾವೇರಿ, ಗದಗ ಕಡೆಯಿಂದ ನನಗೆ ಫೋನ್ ಜಾಸ್ತಿ. ಖಜಾನೆ, ಲೆಕ್ಕಪತ್ರದ ಕೆಲಸದಲ್ಲೇ ಸರ್ವಿಸ್ ಮುಗಿಸಿ ಧಾರವಾಡದಲ್ಲಿ ನೆಲೆ ನಿಂತವನು ನಾನು. ಹಾಗಾಗಿ ಎಸ್‌ಡಿಎಂಸಿಯವರು (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು), ಹೆಡ್‌ಮಾಸ್ತರರು ಲೆಕ್ಕದ ಮಾತು ಬಂದಾಗ ನನ್ನನ್ನು ಹುಡುಕುತ್ತಾರೆ. ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಸರ್, ಸರ್ಕಾರದ ಕಡೆ ರೊಕ್ಕ ಮಿಕ್ಕೈತಿ ಅಂತ ಪೇಪರ್‌ನ್ಯಾಗ ಬರೀತಾರ. ನಮ್ಮ ಸಾಲಿ ಹಂಚು ಹಾಕ್ಸಾಕ ಯಾಕ ಕೊಡವಲ್ರು?”

ಕೇಳಬೇಕಾದ ಪ್ರಶ್ನೆಯೇ. ಆದರೆ ಮೊದಲು ಆ ಮಿಕ್ಕಿದ್ದು ಎಂಥದ್ದು ಅಂತ ನೋಡೋಣ.

2023ರ ಫೆಬ್ರುವರಿ 17ರಂದು ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ 402 ಕೋಟಿ ರೂಪಾಯಿಯ ಉಳಿತಾಯ ಬಜೆಟ್ ಓದಿದರು. ಉಳಿತಾಯ ಅಂದರೆ ತೆರಿಗೆ ಮುಂತಾದ ಆದಾಯದಲ್ಲಿ ದಿನನಿತ್ಯದ ಖರ್ಚು ಕಳೆದು ಮಿಕ್ಕಿದ್ದು. ಆಗ ಅವರ ಕ್ಷೇತ್ರ ಶಿಗ್ಗಾವಿ, ಹಾವೇರಿ ಜಿಲ್ಲೆ. ಚುನಾವಣೆ ಆಯಿತು, ಸರ್ಕಾರ ಬದಲಾಯಿತು. ಜುಲೈ 7ರಂದು ಸಿದ್ದರಾಮಯ್ಯ ಅದೇ 2023-24ಕ್ಕೆ ಇನ್ನೊಂದು ಬಜೆಟ್ ಓದಿದರು. ಅದರಲ್ಲಿ ಗ್ಯಾರಂಟಿ ಯೋಜನೆಗಳೂ ಸೇರಿದ್ದವು. ಲೆಕ್ಕ 12,522 ಕೋಟಿ ಕೊರತೆಗೆ ಬಂದು ನಿಂತಿತು. ಅದರ ಹಿಂದಿನ ವರ್ಷ ಇದಕ್ಕೆ ಉಲ್ಟಾ. 14,699 ಕೋಟಿ ಕೊರತೆ ಆಗುತ್ತೆ ಅಂತ ಅಂದಾಜು ಮಾಡಿದ್ದರು, ತೆರಿಗೆ ಚೆನ್ನಾಗಿ ಬಂದು ವರ್ಷದ ಕೊನೆಗೆ ಉಳಿತಾಯವೇ ಆಯಿತು. ಬಜೆಟ್ ದಿನ ಕೇಳುವುದೆಲ್ಲ ಅಂದಾಜು. ಅದನ್ನು ನಂಬಿ ಹಂಚು ಆರ್ಡರ್ ಮಾಡಬೇಡಿ.

ಇನ್ನು ಆ 402 ಕೋಟಿ ನಿಜವಾಗಿಯೂ ಕೈಯಲ್ಲಿತ್ತು ಅಂತಲೇ ಇಟ್ಟುಕೊಳ್ಳಿ. ರಾಜ್ಯದಲ್ಲಿ ಸರ್ಕಾರಿ ಶಾಲೆಗಳೇ ನಲವತ್ತೈದು ಸಾವಿರದ ಮೇಲಿವೆ. ಹಂಚಿದರೆ ಶಾಲೆಗೆ ತೊಂಬತ್ತು ಸಾವಿರವೂ ಬರಲ್ಲ. ಒಂದು ಕೊಠಡಿ ಕಟ್ಟಲು ಅದು ಯಾವ ಮೂಲೆಗೂ ಸಾಲದು.

ಇನ್ನೊಂದು ವಿಷಯ ಪೇಪರಿನಲ್ಲಿ ಬರುವುದು ಕಡಿಮೆ. ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದದ್ದು 2002ರಲ್ಲಿ, ಕೇಂದ್ರಕ್ಕಿಂತ ಮೊದಲು. ದಿನನಿತ್ಯದ ಖರ್ಚಿಗೆ ಸಾಲ ಮಾಡಬಾರದು, ಒಟ್ಟು ವಿತ್ತೀಯ ಕೊರತೆ, ಅಂದರೆ ಸಾಲ ಮಾಡಿ ತುಂಬಿಸಬೇಕಾದ ಮೊತ್ತ, ರಾಜ್ಯದ ಉತ್ಪನ್ನದ ಶೇ 3ರ ಒಳಗಿರಬೇಕು ಅನ್ನುವುದು ಅದರ ತಿರುಳು. 2004-05ರಿಂದ ಕೋವಿಡ್ ಬರುವ ತನಕ ರಾಜ್ಯ ಉಳಿತಾಯದಲ್ಲೇ ಇತ್ತು. ಹಾಗಂತ ಆ ದುಡ್ಡು ವಿಧಾನಸೌಧದ ತಿಜೋರಿಯಲ್ಲಿ ಸುಮ್ನೆ ಕೂತಿರಲಿಲ್ಲ. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ ಎಲ್ಲ ಕಳೆದು ಮಿಕ್ಕಿದ್ದು ರಸ್ತೆ, ನೀರಾವರಿ, ಕಟ್ಟಡದ ಕಾಮಗಾರಿಗೆ ಹೋಗುತ್ತದೆ. ಅಷ್ಟರಮಟ್ಟಿಗೆ ಸಾಲ ಕಡಿಮೆ ಆಗುತ್ತದೆ. ಅಂದರೆ ನೀವು ಕೇಳುವ ಹೊತ್ತಿಗೆ ಅದರ ಮೇಲೆ ಬೇರೆಯವರ ಹೆಸರು ಬಿದ್ದಾಗಿರುತ್ತದೆ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಉಳಿತಾಯ ಅಂತ ಕಾಣುವ ದುಡ್ಡಿನಲ್ಲಿ ಒಂದು ಪಾಲು ಶಾಲೆಯಿಂದಲೇ ಉಳಿಸಿದ್ದು.

ಎಂಬತ್ತು ಮಕ್ಕಳಿರುವ ಒಂದು ಕಿರಿಯ ಪ್ರಾಥಮಿಕ ಶಾಲೆ ತೆಗೆದುಕೊಳ್ಳಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 61ರಿಂದ 90 ಮಕ್ಕಳಿಗೆ ಮೂವರು ಶಿಕ್ಷಕರು ಬೇಕು. ಒಬ್ಬರು ನಿವೃತ್ತರಾದರು, ಹುದ್ದೆ ಖಾಲಿ. ಅತಿಥಿ ಶಿಕ್ಷಕರನ್ನು ಹಾಕಿಕೊಂಡರು. 2025-26ರ ಬಜೆಟ್ಟಿನಲ್ಲಿ ಎರಡು ಸಾವಿರ ಏರಿಸಿದ ಮೇಲೆ ಅವರಿಗೆ ತಿಂಗಳಿಗೆ 12,000. ಹತ್ತು ತಿಂಗಳು ಅಂದರೆ 1,20,000. ಅದೇ ಜಾಗಕ್ಕೆ ಕಾಯಂ ಶಿಕ್ಷಕರು ಬಂದಿದ್ದರೆ? 7ನೇ ವೇತನ ಆಯೋಗದ ನಂತರ ಪ್ರಾಥಮಿಕ ಶಾಲಾ ಶಿಕ್ಷಕರ ಶುರುವಿನ ಮೂಲ ವೇತನ 41,300. ಡಿಎ, ಮನೆ ಬಾಡಿಗೆ ಭತ್ಯೆ ಬಿಟ್ಟು ಮೂಲ ವೇತನವನ್ನಷ್ಟೇ ಹಿಡಿದರೂ ವರ್ಷಕ್ಕೆ 4,95,600. ವ್ಯತ್ಯಾಸ 3,75,600 ರೂಪಾಯಿ.

ಅದೇ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯಿಂದ ವರ್ಷಕ್ಕೆ ಬರುವ ಅನುದಾನ ಎಷ್ಟು ಗೊತ್ತಾ? 100 ಮಕ್ಕಳ ತನಕದ ಸ್ಲ್ಯಾಬಿನಲ್ಲಿ 25,000. ಕರೆಂಟ್ ಬಿಲ್, ಸೀಮೆಸುಣ್ಣ, ಫಿನಾಯಿಲ್, ಒಡೆದ ನಲ್ಲಿ, ಹಾರಿ ಹೋದ ಹಂಚು ಎಲ್ಲ ಇದರಲ್ಲೇ ಆಗಬೇಕು. ಅದರಲ್ಲೂ ಶೇ 10 ಸ್ವಚ್ಛತೆಗೆ ಅಂತ ಎತ್ತಿಡಬೇಕು. ಹೆಡ್‌ಮಾಸ್ತರರ ಕ್ಯಾಶ್‌ಬುಕ್ ತೆರೆದರೆ ಐವತ್ತು, ನೂರರ ಓಚರ್‌ಗಳೇ ಸಾಲಾಗಿ ಕಾಣುತ್ತವೆ. ಒಂದು ಖಾಲಿ ಹುದ್ದೆಯಿಂದ ಸರ್ಕಾರ ಉಳಿಸಿದ್ದು ಆ ಶಾಲೆಗೆ ಕೊಟ್ಟ ಅನುದಾನದ ಹದಿನೈದು ಪಟ್ಟು. ಹೀಗೆ ಉಳಿಸಿದ್ದನ್ನೇ ನಾವು ‘ಮಿಕ್ಕೈತಿ, ಸಾಲಿಗೆ ಕೊಡ್ರಿ’ ಅಂತ ಬೇಡುತ್ತಿದ್ದೇವೆ!

ಇದು ಪ್ರತಿ ಸಲ ಉಳಿತಾಯ ಅಂತ ಪುಸ್ತಕದಲ್ಲಿ ಕಾಣುವುದೂ ಇಲ್ಲ. ಅಂದಾಜು ಹಾಕುವಾಗಲೇ ತುಂಬಿದ ಹುದ್ದೆಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, ಖಾಲಿ ಹುದ್ದೆಯ ದುಡ್ಡು ಬಜೆಟ್ಟಿಗೆ ಬರುವುದೇ ಇಲ್ಲ. ಆಗ ಯಾರಿಗೂ ಗೊತ್ತೂ ಆಗಲ್ಲ.

ಹಾಗಾದರೆ ತೆರಿಗೆ ಜಾಸ್ತಿ ಬಂದ ವರ್ಷ ಆ ದುಡ್ಡಿನಲ್ಲಿ ಶಿಕ್ಷಕರನ್ನೇ ನೇಮಿಸಿಬಿಡಬಹುದಲ್ವಾ? ಇಲ್ಲಿ ನಾನು ಸ್ವಲ್ಪ ಹಳೇ ಕಾಲದ ಲೆಕ್ಕಿಗ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಗೆ ಒಂದು ವರ್ಷ ಒಳ್ಳೇ ರೇಟ್ ಸಿಕ್ಕರೆ ರೈತ ಮನೆಗೆ ಸೂರು ಹಾಕಿಸುತ್ತಾನೆ, ಬೋರ್ ಕೊರೆಸುತ್ತಾನೆ. ಆ ರೇಟ್ ನಂಬಿ ಮೂವತ್ತು ವರ್ಷದ ಸಂಬಳ ಒಪ್ಪಿಕೊಳ್ಳುವುದಿಲ್ಲ. ಶಿಕ್ಷಕರ ಸಂಬಳ ಬಜೆಟ್ಟಿನಲ್ಲಿ 2202ರ ಲೆಕ್ಕಶೀರ್ಷಿಕೆ, ಪ್ರತಿ ವರ್ಷ ಬೇಕೇ ಬೇಕು. ಅದಕ್ಕೆ ಪ್ರತಿ ವರ್ಷ ಬರುವ ತೆರಿಗೆಯೇ ಆಧಾರ ಆಗಬೇಕು. ಕೊಠಡಿ, ಶೌಚಾಲಯ, ಕಾಂಪೌಂಡ್ 4202ರಲ್ಲಿ ಬರುತ್ತವೆ, ಒಮ್ಮೆ ಕಟ್ಟಿದರೆ ಆಯಿತು. ಅಚಾನಕ್ಕಾಗಿ ಬಂದ ದುಡ್ಡಿಗೆ ಸರಿಯಾದ ಜಾಗ ಅದು. ಅದಕ್ಕಿಂತಲೂ ರಿಪೇರಿ ನಿಧಿ. ಹೊಸ ಕೊಠಡಿಗೆ ಉದ್ಘಾಟನೆ ಇರುತ್ತದೆ, ರಿಬ್ಬನ್ ಇರುತ್ತದೆ. ಸೋರುವ ಹಂಚಿಗೆ ಯಾರೂ ಬರಲ್ಲ.

ಈ ತಕರಾರು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ 2023ರ ಜನವರಿಯಲ್ಲಿ 32.7 ಬಿಲಿಯನ್ ಡಾಲರ್ ಮಿಗುತ್ತದೆ ಅಂತ ಅಂದಾಜಾಯಿತು. ದೊಡ್ಡ ಪಾಲು ಆಸ್ತಿ ತೆರಿಗೆ ಇಳಿಸುವುದಕ್ಕೆ ಹೋಯಿತು. ಪ್ರತಿ ವಿದ್ಯಾರ್ಥಿಗೆ ಇಷ್ಟು ಅಂತ ಶಾಲೆಗಳಿಗೆ ಕೊಡುವ ಮೂಲ ಮೊತ್ತ 2019ರಿಂದ ಇದ್ದ 6,160 ಡಾಲರ್‌ಗೇ ನಿಂತಿತ್ತು; 2025ರಲ್ಲಿ ಏರಿದ್ದು ಬರೀ 55 ಡಾಲರ್.

ನಮ್ಮ ದೊಡ್ಡ ರೋಗ ಮಾರ್ಚ್ ತಿಂಗಳು. ಪೂರಕ ಅಂದಾಜಿನಲ್ಲಿ (ವರ್ಷದ ಮಧ್ಯೆ ಬಜೆಟ್ಟಿಗೆ ಸೇರಿಸುವ ಹೆಚ್ಚಿನ ದುಡ್ಡು) ಶಾಲೆಗೆ ದುಡ್ಡು ಮಂಜೂರಾದರೂ ಆದೇಶ ಇಳಿದು ಜಿಲ್ಲೆಗೆ ಬರುವಷ್ಟರಲ್ಲಿ ಫೆಬ್ರುವರಿ ಕಳೆದಿರುತ್ತದೆ. ಟೆಂಡರ್ ಕರೆಯಲು ಟೈಮ್ ಇಲ್ಲ. 31ರ ರಾತ್ರಿಯೊಳಗೆ ಖಜಾನೆಯ ಆನ್‌ಲೈನ್ ವ್ಯವಸ್ಥೆ ಖಜಾನೆ-2ರಲ್ಲಿ ಬಿಲ್ ಪಾಸಾಗದಿದ್ದರೆ ಅನುದಾನ ಲ್ಯಾಪ್ಸ್, ಅಂದರೆ ರದ್ದು. ಹಾಗಾಗಿ ಯಾವುದೋ ಏಜೆನ್ಸಿಯ ಖಾತೆಗೆ ಹಾಕಿ ಕೈತೊಳೆದುಕೊಳ್ಳುತ್ತಾರೆ. ಕಾಗದದಲ್ಲಿ ಖರ್ಚಾಯಿತು, ಶಾಲೆಯಲ್ಲಿ ಇಟ್ಟಿಗೆಯೂ ಇಳಿದಿರುವುದಿಲ್ಲ. ಆ ರಾತ್ರಿ ಖಜಾನೆ ಕಚೇರಿಯಲ್ಲಿ ಕೂತವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ದಾರಿ ಇಲ್ಲವೇ? ಇದೆ. ಸಾರ್ವಜನಿಕ ಲೆಕ್ಕದಲ್ಲಿ (ಠೇವಣಿ, ಮೀಸಲು ನಿಧಿಗಳಿಗೆ ಸರ್ಕಾರ ಬೇರೆ ಇಡುವ ಲೆಕ್ಕ) ಮೀಸಲು ನಿಧಿ ಮಾಡಿದರೆ ಅದು ಮಾರ್ಚ್ 31ಕ್ಕೆ ಲ್ಯಾಪ್ಸ್ ಆಗಲ್ಲ. ಅಂದಾಜಿಗಿಂತ ಹೆಚ್ಚು ತೆರಿಗೆ ಬಂದ ವರ್ಷ ಅದರಲ್ಲಿ ಇಂತಿಷ್ಟು ಪಾಲು ಶಾಲಾ ದುರಸ್ತಿ ನಿಧಿಗೆ ಅಂತ ನಿಯಮ ಮಾಡಲಿ. ಕೊರತೆಯ ವರ್ಷ ಏನೂ ಹಾಕುವುದು ಬೇಡ. 2025-26ರ ಬಜೆಟ್ಟಿನಲ್ಲೇ 19,262 ಕೋಟಿ ಕೊರತೆ ತೋರಿಸಿದ್ದಾರೆ, ಶಿಕ್ಷಣಕ್ಕೆ 45,286 ಕೋಟಿ ಇಟ್ಟಿದ್ದಾರೆ. ಇಂಥ ವರ್ಷ ಉಳಿತಾಯದ ಮಾತೇ ಇಲ್ಲ.

ಹೀಗೆ ಬೇರೆಯಾಗಿ ಎತ್ತಿಟ್ಟ ಗಂಟು ಇದ್ದರೆ ಏನಾಗುತ್ತೆ ಅಂತ ನೋಡಲು ದೂರ ಹೋಗಬೇಕಿಲ್ಲ. ಮುಂಡರಗಿ ದಾಟಿದರೆ ಕೊಪ್ಪಳ ಜಿಲ್ಲೆ. ಅಲ್ಲಿಗೆ ಸಂವಿಧಾನದ 371ಜೆ ವಿಧಿ (ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ) ಅನ್ವಯ, ಕಲ್ಯಾಣ ಕರ್ನಾಟಕ ಮಂಡಳಿಯ ದುಡ್ಡು ಶಾಲಾ ಕೊಠಡಿಗೂ ಬರುತ್ತದೆ. ಈಚೆ ಗದಗ ಜಿಲ್ಲೆಗೆ ಅಂಥದ್ದಿಲ್ಲ.

ಎಸ್‌ಡಿಎಂಸಿಯವರಿಗೆ ನಾನು ಹೇಳುವುದು ಇಷ್ಟು. ಮಿಕ್ಕ ದುಡ್ಡು ಕೊಡಿ ಅಂತ ಅರ್ಜಿ ಬರೆಯಬೇಡಿ, ಅದಕ್ಕೆ ಉತ್ತರ ಬರಲ್ಲ. ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮ್ಮ ತಾಲ್ಲೂಕಿಗೆ ಮಂಜೂರಾದ ಪ್ರಾಥಮಿಕ ಶಿಕ್ಷಕರ ಹುದ್ದೆ ಎಷ್ಟು, ಖಾಲಿ ಎಷ್ಟು, ಲಿಂಕ್ ಡಾಕ್ಯುಮೆಂಟಿನಲ್ಲಿ (ಜಿಲ್ಲೆ, ತಾಲ್ಲೂಕು ಪಂಚಾಯಿತಿಗಳಿಗೆ ಬಜೆಟ್ ದುಡ್ಡು ಹಂಚಿದ ಪುಸ್ತಕ) ಸಂಬಳಕ್ಕೆ ಇಟ್ಟದ್ದು ಎಷ್ಟು, ವಾಪಸ್ ಕಳಿಸಿದ್ದು ಎಷ್ಟು ಅಂತ ಕೇಳಿ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ಆ ಅಂಕಿ ಇಟ್ಟುಕೊಂಡು ನಿಮ್ಮ ಶಾಸಕರ ಹತ್ತಿರ ಹೋಗಿ. ನವೆಂಬರ್, ಡಿಸೆಂಬರ್‌ನಲ್ಲೇ ಇದನ್ನು ಮಾಡಿ. ಮಾರ್ಚ್‌ನಲ್ಲಿ ಹೋದರೆ ಲೆಕ್ಕದ ಶಾಖೆಯವರು ಫೋನೂ ಎತ್ತುವುದಿಲ್ಲ.