ಗಡ್ಡಕ್ಕೆ ಹುಳ ಬಿದ್ದಿಲ್ಲ, ಬೆಳ್ಳುಳ್ಳಿ ತಿಕ್ಕಬೇಡಿ

ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಕೆಲಸ ಮಾಡುವ ಹುಡುಗ, ವಯಸ್ಸು 26. ಮುಖಕ್ಕೆ ಸುತ್ತಿದ್ದ ಟವೆಲ್ ಬಿಚ್ಚಿದ. ಎಡ ದವಡೆ ಮೇಲೆ ರೂಪಾಯಿ ನಾಣ್ಯದಷ್ಟು ಜಾಗ ನುಣ್ಣಗಾಗಿತ್ತು. ಸುತ್ತಲಿನ ಚರ್ಮ ಸುಟ್ಟು ಕಪ್ಪಾಗಿ ಸಿಪ್ಪೆ ಏಳುತ್ತಿತ್ತು. "ಹುಳ ತಿಂದೈತ್ರೀ ಸರ್. ಬೆಳ್ಳುಳ್ಳಿ ತಿಕ್ಕೀನಿ, ಇನ್ನೂ ಸತ್ತಿಲ್ಲ" ಅಂದ. ಮುಂದಿನ ತಿಂಗಳು ಅವನ ಮದುವೆ.

ರಾಯಚೂರಿನಲ್ಲಿ ಚರ್ಮದ ಡಾಕ್ಟರಾಗಿ ಈ ಮಾತು ನನಗೆ ಹೊಸದಲ್ಲ. ಇಲ್ಲಿನ ತೆಲುಗು ಮನೆಮಾತಿನವರು ಇದನ್ನೇ ಪೇನುಕೊರುಕುಡು ಅನ್ನುತ್ತಾರೆ, ಹೇನು ಕಡಿದದ್ದು ಅಂತ. ಅಲ್ಲಿ ಹುಳವೂ ಇಲ್ಲ, ಹೇನೂ ಇಲ್ಲ. ಕಾಯಿಲೆಯ ಹೆಸರು ಅಲೋಪೇಶಿಯಾ ಏರಿಯೇಟಾ. ಸೋಂಕಿನಿಂದ ನಮ್ಮನ್ನು ಕಾಯುವ ಬಿಳಿ ರಕ್ತಕಣಗಳೇ ಕೂದಲ ಬುಡದ ಮೇಲೆ ತಿರುಗಿ ಬೀಳುತ್ತವೆ. ಕೂದಲು ಉದುರುತ್ತದೆ, ಬುಡ ಸಾಯುವುದಿಲ್ಲ. ಅದಕ್ಕೇ ಮತ್ತೆ ಹುಟ್ಟುತ್ತದೆ. ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಸಲೂನಿನವರ ಕತ್ತಿಯದೂ ತಪ್ಪಿಲ್ಲ.

ಜಾಗ ಕೆಂಪಾಗಿ, ತುರಿಸಿ, ಹೊಟ್ಟು ಎದ್ದು, ಕೀವು ತುಂಬಿದ್ದರೆ ಅದು ಫಂಗಸ್ ಇರಬಹುದು. ದನಕರುಗಳಿಂದಲೂ ಬರುತ್ತದೆ. ಅದಕ್ಕೆ ಸ್ಟೀರಾಯ್ಡ್ ಹಚ್ಚಿದರೆ ಇನ್ನೂ ಜಾಸ್ತಿ ಆಗುತ್ತದೆ. ಮೊದಲು ಯಾವುದು ಅಂತ ಗೊತ್ತಾಗಬೇಕು, ಅಲ್ವಾ?

ಅಲೋಪೇಶಿಯಾದಲ್ಲಿ ಕೂದಲು ಉದುರಿದ ಸಣ್ಣ ಮಚ್ಚೆಗಳು ಒಂದೆರಡೇ ಇದ್ದರೆ ಸುಮ್ನೆ ಕಾಯುವುದೂ ಒಂದು ಚಿಕಿತ್ಸೆಯೇ. ಬಹಳ ಜನರಿಗೆ ವರ್ಷದೊಳಗೆ ತಾನಾಗಿಯೇ ಬರುತ್ತದೆ. ಕಾಯಲಾಗದವರಿಗೆ ನಾನು ಹೆಚ್ಚಾಗಿ ಕೊಡುವುದು ಟ್ರಯಾಮ್ಸಿನೋಲೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್. ಇನ್ಸುಲಿನ್ ಸಿರಿಂಜಿನ ಸಣ್ಣ ಸೂಜಿಯಲ್ಲಿ, ಸುಮಾರು ಒಂದು ಸೆಂಟಿಮೀಟರಿಗೊಂದರಂತೆ ಹನಿ ಹನಿಯಾಗಿ. ನಾಲ್ಕರಿಂದ ಆರು ವಾರಕ್ಕೊಮ್ಮೆ. ಮುಖದ ಚರ್ಮ ತಲೆಯದರಷ್ಟು ದಪ್ಪ ಇಲ್ಲ. ಅದಕ್ಕೇ ತಲೆಗೆ ಮಿಲಿಲೀಟರಿಗೆ 5ರಿಂದ 10 ಮಿಲಿಗ್ರಾಂ ಬಳಸಿದರೆ, ಗಡ್ಡಕ್ಕೆ 2.5 ಸಾಕು. ಜಾಸ್ತಿ ಹಾಕಿದರೆ, ಇಲ್ಲವೇ ಒಂದೇ ಕಡೆ ಮತ್ತೆ ಮತ್ತೆ ಚುಚ್ಚಿದರೆ ಚರ್ಮ ಗುಳಿ ಬೀಳುತ್ತದೆ, ಬಣ್ಣ ತೆಳುವಾಗುತ್ತದೆ. ಗುಳಿ ತುಂಬಿಕೊಳ್ಳಲು ತಿಂಗಳುಗಳೇ ಬೇಕು.

ನನಗೆ ನಿಜಕ್ಕೂ ಸಂಕಟ ಆಗುವುದು ಮೆಡಿಕಲ್ ಶಾಪಿನಿಂದ ಕೇಳಿ ತಂದ ಮಿಕ್ಸ್ ಕ್ರೀಮ್‌ಗಳನ್ನು ನೋಡಿದಾಗ. ಒಂದೇ ಟ್ಯೂಬಿನಲ್ಲಿ ಗಟ್ಟಿ ಸ್ಟೀರಾಯ್ಡ್, ಫಂಗಸ್ ಔಷಧಿ, ಆ್ಯಂಟಿಬಯಾಟಿಕ್. ಆರು ತಿಂಗಳು ಹಚ್ಚಿಕೊಂಡು ಬಂದವರ ಕೆನ್ನೆಯಲ್ಲಿ ಕೆಂಪು ನರಗಳು ದಾರದಂತೆ ಕಾಣುತ್ತವೆ, ಮೊಡವೆ ತುಂಬಿರುತ್ತದೆ. ನಮ್ಮೂರ ಮೇ ತಿಂಗಳ ಬಿಸಿಲಿಗೆ ಹೊರಟರೆ ಮುಖ ಉರಿಯುತ್ತದೆ. ಸ್ಟೀರಾಯ್ಡ್ ಕ್ರೀಮ್ ನಾನೂ ಬರೆಯುತ್ತೇನೆ. ಎಷ್ಟು ವಾರ ಅಂತ ಚೀಟಿಯಲ್ಲೇ ಬರೆದಿರುತ್ತೇನೆ.

ಮಿನಾಕ್ಸಿಡಿಲ್ ಎಂಬ ಹಚ್ಚುವ ಔಷಧಿ ಕೂದಲು ಬೆಳೆಸಲು ನೆರವಾಗುತ್ತದೆ, ಕಾಯಿಲೆಯನ್ನು ತಡೆಯುವುದಿಲ್ಲ. ಫಲ ಕಾಣಲು ಮೂರ್ನಾಲ್ಕು ತಿಂಗಳು ಬೇಕು. ಉರಿ, ತುರಿಕೆ, ಹೊಟ್ಟು ಬರಬಹುದು. ಕೆನ್ನೆಯ ಮೇಲೆ, ಕಣ್ಣ ಹತ್ತಿರ ಬೇಡದ ಕೂದಲೂ ಬರಬಹುದು. ಎದೆ ಡವಡವ ಅಂದರೆ ನಿಲ್ಲಿಸಿ, ಡಾಕ್ಟರನ್ನು ಕಾಣಿ.

ಈಗ ಬ್ಯಾರಿಸಿಟಿನಿಬ್‌ನಂತಹ ಮಾತ್ರೆಗಳ ಬಗ್ಗೆ ಯೂಟ್ಯೂಬ್ ನೋಡಿ ಕೇಳುವವರಿದ್ದಾರೆ. 2022ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದ್ದು ಕಾಯಿಲೆ ತೀವ್ರವಾಗಿರುವ ವಯಸ್ಕರಿಗೆ. ಈ ಮಾತ್ರೆ ಸೋಂಕು ತಡೆಯುವ ಶಕ್ತಿಯನ್ನೇ ತಗ್ಗಿಸುತ್ತದೆ. ಮೈಯೊಳಗೆ ಮಲಗಿರುವ ಟಿಬಿ ಎದ್ದು ಕೂರಬಹುದು. ಒಂದು ಮಚ್ಚೆಗಾಗಿ ಆ ಅಪಾಯ ಬೇಡ.

ಆ ಹುಡುಗನಿಗೆ ಮದುವೆಯೊಳಗೆ ಬರುತ್ತದೆ ಅಂತ ನಾನು ಮಾತು ಕೊಡಲಿಲ್ಲ. ಮೊದಲ ಎರಡು ವಾರ ಸುಟ್ಟಗಾಯ ಮಾಯಲು ಬಿಟ್ಟೆ, ಆಮೇಲೆ ಇಂಜೆಕ್ಷನ್. ಫೋಟೋಕ್ಕೆ ಗಡ್ಡ ಬೋಳಿಸಿಕೋ ಅಂದೆ, ಬೋಳಿಸಿದರೆ ಮಚ್ಚೆ ಅಷ್ಟು ಕಾಣುವುದಿಲ್ಲ. ಎರಡು ತಿಂಗಳಾದ ಮೇಲೆ ಹೆಂಡತಿ ಜೊತೆ ಬಂದ. ಭೂತಗನ್ನಡಿ ಹಿಡಿದರೆ ಮಚ್ಚೆ ನಡುವೆ ರೇಷ್ಮೆ ಎಳೆಯಂಥ ಬಿಳಿ ಕೂದಲು. "ಮುದುಕ ಆದ್ನೇನ್ರೀ, ಕಿತ್ತು ಹಾಕ್ಲೇನು?" ಅಂತ ಗಾಬರಿಯಾಗಿದ್ದ. ಮೊದಲು ಬಿಳಿಯೇ ಬರುತ್ತದೆ, ಆಮೇಲೆ ಕಪ್ಪಾಗುತ್ತದೆ, ಕೀಳಬೇಡ ಅಂದೆ. ಹೆಂಡತಿ ಭೂತಗನ್ನಡಿ ಇಸಿದುಕೊಂಡು ಒಂದೊಂದೇ ಎಣಿಸತೊಡಗಿದಳು.